ಅಪ್ಪಾಜಿ ಕೇಳಿದ ಫರ್ ಮರ

ಫ್ರೈಬುರ್ಗ್, ಜರ್ಮನಿ

ಅಪ್ಪಾಜಿಗೆ ನಮಸ್ಕಾರ. ಅವ್ವನಿಗೂ ಓದಿ ಹೇಳಿರಿ.

ಹೋದ ವಾರ ಫರ್ ಮರ ಅಂತ ನಾನು ಕಳಿಸಿದ ಫೋಟೋ ಫರ್‌ದಲ್ಲ, ಸ್ಪ್ರೂಸ್ ಮರದ್ದು. ಎರಡೂ ಚಳಿ ಸೀಮೆಯ, ಸೂಜಿಯಂಥ ಎಲೆಯ ಮರಗಳು. ನೀವು ಅದನ್ನು ಆಳಂದದಲ್ಲಿ ಎಲ್ಲರಿಗೂ ತೋರಿಸಿದ್ದೀರಿ ಅಂತ ಅವ್ವ ಹೇಳಿದಳು, ಅದಕ್ಕೇ ತಕ್ಷಣ ಬರೆಯುತ್ತಿದ್ದೇನೆ.

ಇಲ್ಲಿನ ಬ್ಲ್ಯಾಕ್ ಫಾರೆಸ್ಟ್ ಅನ್ನುವ ಕಾಡಿನಲ್ಲಿ ಎರಡೂ ಒಟ್ಟಿಗೇ ಇವೆ, ದೂರದಿಂದ ಒಂದೇ ಥರ ಕಾಣುತ್ತವೆ. ಹೆಬ್ಬೇವಿನ ಎಲೆಕಡ್ಡಿ ಮತ್ತೆ ಕವಲೊಡೆಯುತ್ತದೆ, ಬೇವಿನದು ಒಡೆಯುವುದಿಲ್ಲ ಅಂತ ಚಿಕ್ಕಂದಿನಲ್ಲಿ ತೋರಿಸಿದ್ದಿರಲ್ಲ, ಹಾಗೇ ಇದನ್ನೂ ಕೈಯಲ್ಲಿ ಹಿಡಿದೇ ನೋಡಬೇಕು. ಫರ್ ಎಲೆ ಸೂಜಿಯಂತಿದ್ದರೂ ಚಪ್ಪಟೆ, ಬೆರಳ ನಡುವೆ ಹೊರಳುವುದಿಲ್ಲ, ಚುಚ್ಚುವುದೂ ಇಲ್ಲ. ತಿರುವಿದರೆ ಅಡಿಯಲ್ಲಿ ಎರಡು ಬಿಳಿ ಗೆರೆ. ಸ್ಪ್ರೂಸ್ ಎಲೆಗೆ ನಾಲ್ಕು ಮೂಲೆ, ಸಲೀಸಾಗಿ ಹೊರಳುತ್ತದೆ, ಕೈಗೆ ಚುಚ್ಚುತ್ತದೆ. ಎಲೆ ಉದುರಿದ ಮೇಲೆ ಅದರ ಕಡ್ಡಿ ಅರದ ಹಾಗೆ ಒರಟು, ಫರ್‌ದು ನುಣುಪು. ಇನ್ನು ಕಾಯಿ. ಫರ್ ಕಾಯಿ ಕೊಂಬೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ, ಮರದಲ್ಲೇ ಬಿಚ್ಚಿಕೊಂಡು ಪಕಳೆ ಪಕಳೆಯಾಗಿ ಉದುರುತ್ತದೆ. ಫೋಟೋದಲ್ಲಿ ನಾನು ಹಿಡಿದಿದ್ದು ನೆಲದಲ್ಲಿ ಸಿಕ್ಕ ಇಡೀ ಕಾಯಿ. ಅಲ್ಲೇ ತಿಳಿಯಬೇಕಿತ್ತು.

ಹೊಲದಲ್ಲಿ ಹಚ್ಚಲು ಫರ್ ಬೀಜ ತಂದುಕೊಡು ಅಂದಿದ್ದಿರಿ. ನಾನೇ ಹಾಕಿ ನೋಡಿದೆ. ಒದ್ದೆ ಮರಳಲ್ಲಿ ಕಲಸಿ 6 ವಾರ ಫ್ರಿಜ್‌ನಲ್ಲಿಟ್ಟೆ, ಯಾಕಂದರೆ ಚಳಿ ತಾಗದೆ ಇದು ಸರಿಯಾಗಿ ಮೊಳೆಯುವುದಿಲ್ಲ. 20ರಲ್ಲಿ 5 ಬಂದವು, ಉಳಿದವು ಜಾಸ್ತಿ ಜೊಳ್ಳು. ಮೊದಲ ವರ್ಷ ಬೆರಳುದ್ದವೂ ಬೆಳೆಯುವುದಿಲ್ಲ. ಕಾಡಿನಲ್ಲಂತೂ ದೊಡ್ಡ ಮರಗಳ ನೆರಳಲ್ಲಿ ಹತ್ತಾರು ವರ್ಷ ಪುಟ್ಟದಾಗಿಯೇ ಕಾಯುತ್ತದೆ, ಬೆಳಕು ಸಿಕ್ಕಿತೋ 50 ಮೀಟರ್ ಎತ್ತರಕ್ಕೂ ಹೋಗುತ್ತದೆ. ಜಿಂಕೆಗಳು ಚಿಗುರು ತಿನ್ನುತ್ತವೆ ಅಂತ ಸಸಿಗಳಿಗೆ ಬೇಲಿ ಹಾಕುತ್ತಾರೆ. 2018ರ ಬರದಿಂದೀಚೆಗೆ ತೊಗಟೆ ಕೊರೆಯುವ ಹುಳ ಬಿದ್ದು ಸ್ಪ್ರೂಸ್ ಬಹಳ ಸತ್ತಿವೆ. ಫರ್ ಬೇರು ಆಳಕ್ಕಿಳಿಯುತ್ತದೆ, ಬರ ಸ್ವಲ್ಪ ತಡೆಯುತ್ತದೆ, ಅದಕ್ಕೆ ಈಗ ಇದನ್ನೇ ಹೆಚ್ಚು ಹಚ್ಚುತ್ತಿದ್ದಾರೆ.

ಆದರೆ ನಮ್ಮ ಹೊಲಕ್ಕೆ ತರಲಾರೆ, ಅಪ್ಪಾಜಿ. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಅದು ಉಳಿಯುವುದಿಲ್ಲ, ಇಲ್ಲಿನಂಥ ಚಳಿಗಾಲ ನಮಗೆಲ್ಲಿದೆ? ಪರವಾನಗಿ ಇಲ್ಲದೆ ಬೀಜ ತರುವ ಹಾಗೂ ಇಲ್ಲ. ಸಾಯುತ್ತದೆ ಅಂತ ಗೊತ್ತಿದ್ದೂ ನಿಮ್ಮ ಕೈಗೆ ಸಸಿ ಕೊಡಲು ನನಗೆ ಮನಸ್ಸಿಲ್ಲ.

ಬಾವಿ ಹತ್ತಿರ ಬಿಟ್ಟ ಜಾಗದಲ್ಲಿ ಮಳೆ ಬಿದ್ದ ಕೂಡಲೇ ಬೇವು ಹಚ್ಚಿರಿ, ಪಕ್ಕಕ್ಕೊಂದು ಹುಣಸೆ. ನನ್ನ 5 ಸಸಿಗಳ ಫೋಟೋ ಕಳಿಸುತ್ತೇನೆ, ಈ ಸಲ ಎಲೆ ತಿರುವಿ ನೋಡಿಯೇ. ತೊಗರಿ ಬೀಜ ತಂದಿರಾ?

ನಿಮ್ಮ ಮಗ