ರೇಸು ಮುಗಿಸಿದ ಕುದುರೆ ತೋಟಕ್ಕೆ ಬರುವ ಮುನ್ನ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೈಸೂರಿನ ರೇಸಿನಲ್ಲಿ ಓಡುತ್ತಿದ್ದ ಐದು ವರ್ಷದ ಗಂಡು ಕುದುರೆಯನ್ನು ಮಾಲೀಕರು ದುಡ್ಡಿಲ್ಲದೆ ಕೊಡುತ್ತಾರಂತೆ, ತರಲೋ ಬೇಡವೋ ಎಂದು ಕೇಳಿದ್ದೀಯ. ತಾ. ಆದರೆ ಎರಡು ಮಾತಿಗೆ ಒಪ್ಪಿಕೊಂಡು ತಾ: ಅದರ ಬೀಜ ತೆಗೆಸಬೇಕು, ಮತ್ತು ಮೊದಲ ಮೂರು ತಿಂಗಳು ಅದರ ಬೆನ್ನೇರಬಾರದು. ರೇಸಿಗೆಂದೇ ಬೆಳೆಸಿದ ಥರೋಬ್ರೆಡ್ ತಳಿಯ ಕುದುರೆಯ ರೇಸು ಐದಾರು ವರ್ಷಕ್ಕೆ ಮುಗಿಯುತ್ತದೆ, ಆಯಸ್ಸು ಇಪ್ಪತ್ತೈದು ದಾಟುತ್ತದೆ. ಬಿಟ್ಟಿ ಬಂದ ಕುದುರೆಗೆ ಇಪ್ಪತ್ತು ವರ್ಷದ ಮೇವು ನಿನ್ನದು.

ಮೊದಲು ಕಾಗದಪತ್ರ ನೋಡು. ಕುದುರೆಯ ಪಾಸ್‌ಪೋರ್ಟಿನಲ್ಲಿ ಬಣ್ಣ, ಬಿಳಿ ಮಚ್ಚೆ, ಸುಳಿಗಳು ಎಲ್ಲೆಲ್ಲಿವೆ ಎಂದು ಬರೆದಿರುತ್ತದೆ. ಕುತ್ತಿಗೆಯ ಎಡಬದಿಯಲ್ಲಿರುವ ಮೈಕ್ರೋಚಿಪ್ ಅನ್ನು ವೈದ್ಯರು ಯಂತ್ರ ಹಿಡಿದು ಓದಲಿ, ಸಂಖ್ಯೆ ಪಾಸ್‌ಪೋರ್ಟಿಗೆ ತಾಳೆಯಾಗಲಿ. ಗ್ಲ್ಯಾಂಡರ್ಸ್ ರೋಗದ ರಕ್ತಪರೀಕ್ಷೆ ಆಗದೆ ಲಾಯದಿಂದ ಹೊರಡಿಸಬೇಡ. ಅದು ಮನುಷ್ಯರಿಗೂ ಅಂಟುವ ರೋಗ. ಚಿಕಿತ್ಸೆ ಕೊಟ್ಟು ಉಳಿಸಿಕೊಳ್ಳಲು ಬಿಡುವುದಿಲ್ಲ, ರೋಗ ಖಚಿತವಾದರೆ ಕುದುರೆಯನ್ನು ಕೊಲ್ಲಲೇಬೇಕು. ಟೆಂಡನ್ (ಕಾಲಿನ ಸ್ನಾಯುರಜ್ಜು) ಸ್ಕ್ಯಾನ್, ಮಂಡಿಯ ಎಕ್ಸ್‌ರೇ, ಕೀಲಿಗೆ ಕೊನೆಯ ಇಂಜೆಕ್ಷನ್ ಕೊಟ್ಟ ತಾರೀಕು, ಇಷ್ಟನ್ನೂ ಕೇಳಿ ಪಡೆ. ಇಂಜೆಕ್ಷನ್ ಮರೆಮಾಡಿದ ಕುಂಟು ಆರು ವಾರದ ಮೇಲೆ ನಿನ್ನ ತೋಟದಲ್ಲಿ ಹೊರಬರುತ್ತದೆ. ಇನ್ನೊಂದು, ಟ್ರೇನರ್ ಜೊತೆ ಮಾತಾಡಿದ ಮೇಲೆ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳಿನ ಜೊತೆಯೂ ಕೂತು ಮಾತಾಡು. ರಾತ್ರಿ ಹಲಗೆ ಕಚ್ಚಿ ಗಾಳಿ ನುಂಗುತ್ತದೆಯೇ, ಯಾವ ಕಾಲು ಎತ್ತಲು ಕೊಡುವುದಿಲ್ಲ, ಕಾಳು ಬಿಟ್ಟೇಳುತ್ತದೆಯೇ, ಇದೆಲ್ಲ ಅವನಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ.

ಇನ್ನು ಮೇವು. ಹೆಚ್ಚಿನವರು ಎಡವುವುದು ಇಲ್ಲೇ. ಓಡುವ ಕುದುರೆ ದಿನಕ್ಕೆ ಐದಾರು ಕಿಲೋ ಕಾಳು ತಿನ್ನುತ್ತಿರುತ್ತದೆ. ಕೆಲಸ ನಿಂತ ಮೇಲೂ ಅಷ್ಟೇ ಹಾಕಿದರೆ ಮೈಯಲ್ಲಿ ಬೆಂಕಿ ತುಂಬಿದಂತಾಗಿ ಕಟ್ಟಿದಲ್ಲೇ ಕುಣಿಯುತ್ತದೆ, ಸ್ನಾಯು ಸೆಟೆದುಕೊಳ್ಳುತ್ತದೆ. ಒಂದೇ ದಿನ ಪೂರ್ತಿ ನಿಲ್ಲಿಸಿದರೆ ಹೊಟ್ಟೆ ಕೆಡುತ್ತದೆ. ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋದಂತೆ ಇಳಿಸುತ್ತಾ ಮೂರು ವಾರದಲ್ಲಿ ಒಂದೂವರೆ ಕಿಲೋಗೆ ತಂದು ನಿಲ್ಲಿಸು. ಮೊದಲ ವಾರದ ಕಾಳನ್ನು ಹಳೇ ಲಾಯದಿಂದಲೇ ತಾ. ಒಣಹುಲ್ಲು ಮೈತೂಕದ ನೂರಕ್ಕೆ ಒಂದೂವರೆ ಪಾಲಿಗಿಂತ ಕಡಿಮೆಯಾಗಬಾರದು. 480 ಕಿಲೋ ಕುದುರೆಗೆ ಏಳೂಕಾಲು ಕಿಲೋ ಅಂದರೆ ಕನಿಷ್ಠ, ಒಂಬತ್ತು ಹತ್ತು ಕೊಟ್ಟರೆ ಚೆನ್ನ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ದಿನವಿಡೀ ಒಸರುತ್ತಲೇ ಇರುತ್ತದೆ. ನಾಲ್ಕೈದು ಗಂಟೆ ಮುಂದೆ ಹುಲ್ಲಿಲ್ಲದಿದ್ದರೆ ಹುಣ್ಣಾಗುತ್ತದೆ, ರೇಸಿನಿಂದ ಬರುವ ಹೆಚ್ಚಿನ ಕುದುರೆಗಳಿಗೆ ಅದು ಆಗಲೇ ಇರುತ್ತದೆ. ಕಾಳು ಅರ್ಧಕ್ಕೇ ಬಿಡುವುದು, ಜೀನಿನ ಹೊಟ್ಟೆಪಟ್ಟಿ ಬಿಗಿಯುವಾಗ ತಿರುಗಿ ಕಚ್ಚುವುದು ಇದರ ಗುರುತು. ವೈದ್ಯರು ಆಮ್ಲ ತಗ್ಗಿಸುವ ಒಮೆಪ್ರಜೋಲ್ ಬರೆದುಕೊಡಬಹುದು, ವಾಡಿಕೆಯ ಚಿಕಿತ್ಸೆ 28 ದಿನ. ನಾಲ್ಕು ದಿನಕ್ಕೆ ಗೆಲುವಾಯಿತೆಂದು ನಿಲ್ಲಿಸಬೇಡ.

ತೋಟದಲ್ಲಿ ನೇಪಿಯರ್ ಹುಲ್ಲು ಬೇಕಾದಷ್ಟಿದೆ ಎಂದು ಬರೆದಿದ್ದೀಯ. ಹಸುವಿಗೆ ಅದು ಹಬ್ಬ, ಕುದುರೆಗೆ ಅದೊಂದೇ ಆದರೆ ಕೇಡು. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಮೈಗೆ ಸೇರಗೊಡುವುದಿಲ್ಲ. ಜೊತೆಗೆ ರಂಜಕ ಹೆಚ್ಚಿರುವ ಗೋಧಿ ಬೂಸಾ ಸೇರಿತೋ, ಮೈ ತನ್ನ ಮೂಳೆಯಿಂದಲೇ ಸುಣ್ಣ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಮೊದಲು ಕಾರಣ ಸಿಗದ ಕುಂಟು, ಆಮೇಲೆ ದವಡೆ, ಮುಖದ ಮೂಳೆ ಊದಿಕೊಳ್ಳುವುದು. ಒಣಹುಲ್ಲೇ ಮುಖ್ಯ ಮೇವಾಗಲಿ, ಜೊತೆಗೆ ದಿನಕ್ಕೆ ಎರಡು ಮೂರು ಕಿಲೋ ಕುದುರೆ ಮಸಾಲೆ (ಲೂಸರ್ನ್) ಸೊಪ್ಪು ಕೊಡು, ನೇಪಿಯರ್ ಬಾಯಿ ರುಚಿಗೆ ಇರಲಿ. ಎಳೆ ಜೋಳದ ದಂಟು ಬೇಡವೇ ಬೇಡ.

ಕೋಳಿ ಆಹಾರ, ದನದ ಹಿಂಡಿ ಕುದುರೆಯ ಕೊಟ್ಟಿಗೆಯ ಹತ್ತಿರವೂ ಇರಬಾರದು. ಅವುಗಳಲ್ಲಿ ಬೆರೆಸಿರಬಹುದಾದ ಮೊನೆನ್ಸಿನ್ ಎಂಬ ಔಷಧಿ ಹೇಳಿದ ಪ್ರಮಾಣದಲ್ಲಿ ಕೋಳಿಗೆ, ದನಕ್ಕೆ ಏನೂ ಮಾಡುವುದಿಲ್ಲ. ಕುದುರೆಯ ಹೃದಯವನ್ನು ಅದು ಹಾಳುಮಾಡುತ್ತದೆ, ಅದಕ್ಕೆ ಮದ್ದಿಲ್ಲ. ಒಂದೇ ಬಕೆಟ್ಟಿನಲ್ಲಿ ಎರಡಕ್ಕೂ ಕಲಸಬೇಡ ಎಂದು ಆಳುಗಳಿಗೂ ಬಿಡಿಸಿ ಹೇಳು.

ಲಾಳದ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂ ಲಾಳ ನಾಲ್ಕನ್ನೂ ಒಂದೇ ದಿನ ಕೀಳಿಸಬೇಡ. ಹಿಂಗಾಲಿನದು ಮೊದಲು, ಆರು ವಾರ ಬಿಟ್ಟು ಮುಂಗಾಲಿನದು. ಗೊರಸು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟೂ ಬೆಳೆಯುವುದಿಲ್ಲ, ಹಳೇ ಮೊಳೆಯ ತೂತೆಲ್ಲ ಇಳಿದು ಹೊಸ ಗೊರಸು ನೆಲ ಮುಟ್ಟಲು ಒಂಬತ್ತು ತಿಂಗಳ ಮೇಲೆ ಬೇಕು. ಐದಾರು ವಾರಕ್ಕೊಮ್ಮೆ ಲಾಳಗಾರ ಬರಲೇಬೇಕು.

ಬಯಲಿಗೆ ಬಿಡುವ ಬಗೆ ಕೇಳು. ಒಂದೂವರೆ ವರ್ಷದ ಮರಿಯಾಗಿದ್ದಾಗಿನಿಂದ ಅದು ಹಗ್ಗವಿಲ್ಲದೆ ಬಯಲು ಕಂಡಿರುವುದೇ ಅಪರೂಪ. ಎರಡೆಕರೆಯಲ್ಲಿ ಒಮ್ಮೆಗೇ ಬಿಟ್ಟರೆ ಬೇಲಿ ಎಲ್ಲಿದೆ ಎಂದು ನೋಡದೆ ಓಡುತ್ತದೆ. ಮೊದಲು ಸಣ್ಣ ಆವರಣ, ಪಕ್ಕದಲ್ಲಿ ಕಾಣುವಂತೆ ಒಂದು ಶಾಂತ ಮುದಿ ಕುದುರೆ. ಬಿಡುವ ಮುನ್ನ ಹೊಟ್ಟೆ ತುಂಬ ಹುಲ್ಲು ತಿಂದಿರಲಿ, ಅರ್ಧ ಗಂಟೆ ಕೈಹಗ್ಗದಲ್ಲಿ ನಡೆದಿರಲಿ. ಎರಡು ವಾರದ ಮೇಲೆ ದೊಡ್ಡ ಬಯಲು. ಮುಳ್ಳುತಂತಿ ಎಲ್ಲಿದ್ದರೂ ಕಿತ್ತುಹಾಕು. ಮರದ ಅಡ್ಡಪಟ್ಟಿಯೇ ಇರಲಿ, ಪೈಪೇ ಇರಲಿ, ನಾಲ್ಕೂವರೆ ಐದಡಿ ಎತ್ತರ, ದೂರಕ್ಕೆ ಕಾಣುವ ಬಣ್ಣ.

ಸವಾರಿಯ ಮಾತು ಮೂರು ತಿಂಗಳ ಮೇಲೆ ಬರೆಯುತ್ತೇನೆ. ಈಗ ಇಷ್ಟು ತಿಳಿದಿರಲಿ: ಲಗಾಮು ಬಿಗಿಯಾದರೆ ಅದು ಇನ್ನೂ ಜೋರಾಗಿ ಓಡುತ್ತದೆ, ಏಕೆಂದರೆ ಅದರ ಮೇಲೇ ಒರಗಿ ಓಡಲು ಅದಕ್ಕೆ ಕಲಿಸಿರುತ್ತಾರೆ.

ಈಗ ನೀನು ಪತ್ರದ ಕೊನೆಗೆ ಮೆಲ್ಲಗೆ ಸೇರಿಸಿದ ಆಸೆ, ಒಂದೆರಡು ಮರಿ ತೆಗೆಯೋಣವೇ ಎಂಬುದು. ಬೇಡ ಗೆಳೆಯಾ. ಥರೋಬ್ರೆಡ್ ಮರಿ ಪುಣೆಯ ಸ್ಟಡ್ ಬುಕ್ ಎಂಬ ವಂಶಾವಳಿ ದಾಖಲೆಗೆ ಸೇರಬೇಕಾದರೆ ತಾಯಿ ತಂದೆ ಎರಡೂ ನೋಂದಾಯಿತವಾಗಿರಬೇಕು, ಗಂಡು ಹೆಣ್ಣು ನೇರವಾಗಿಯೇ ಕೂಡಿರಬೇಕು. ಕೃತಕ ಗರ್ಭಧಾರಣೆಯ ಮರಿಗೆ ಅಲ್ಲಿ ಜಾಗವಿಲ್ಲ. ದೊಡ್ಡ ರೇಸು ಗೆಲ್ಲದ ಗಂಡಿಗೆ ಒಳ್ಳೆಯ ಹೆಣ್ಣು ಕುದುರೆಯನ್ನು ಯಾರೂ ಕಳಿಸುವುದಿಲ್ಲ. ಊರಿನ ಕುದುರೆಗೆ ಕೂಡಿಸಿದರೆ ಕಾಗದವಿಲ್ಲದ ಮರಿ ಹುಟ್ಟುತ್ತದೆ, ಅದರ ಗತಿ ಏನೆಂದು ಯಾರೂ ಯೋಚಿಸಿರುವುದಿಲ್ಲ.

ಕುಣಿಗಲ್‌ನಂಥ ಕುದುರೆ ತಳಿ ಫಾರಂಗೆ ಹೋಗುವ ಗಂಡಿನ ಪಾಡೂ ಸಲೀಸಲ್ಲ. ಲಾಯದಲ್ಲಿ ಹೆಣ್ಣು ಕುದುರೆ ಕಂಡು ಕೆನೆದಾಗಲೆಲ್ಲ ಗದರಿಸಿಕೊಂಡಿದ್ದ ಪ್ರಾಣಿಗೆ ಈಗ ಅದೇ ಕೆಲಸ ಎಂದು ತಿಳಿಸಬೇಕು. ಅದಕ್ಕೇ ಬೇರೆ ಕಡಿವಾಣ, ಬೇರೆ ಜಾಗ. ಆ ಕಡಿವಾಣ ಹಾಕಿದರೆ ಮಾತ್ರ ಆ ಕೆಲಸ. ಮೊದಲ ಸಲಕ್ಕೆ ಅನುಭವಸ್ಥ, ಪೂರ್ತಿ ಬೆದೆಗೆ ಬಂದ ಹೆಣ್ಣು, ಅದರ ಹಿಂಗೊರಸಿಗೆ ಮೆತ್ತೆ ಕಟ್ಟಬೇಕು. ಆರಂಭದಲ್ಲೇ ಒಂದು ಒದೆ ತಿಂದ ಗಂಡು ಆಮೇಲೆ ಹತ್ತಿರ ಹೋಗಲೇ ಹೆದರುತ್ತದೆ. ವೀರ್ಯಾಣು ತಯಾರಾಗಲು ಸುಮಾರು ಎರಡು ತಿಂಗಳು ಬೇಕು, ಡಿಸೆಂಬರಿನಲ್ಲಿ ಬಂದ ಜ್ವರದ ಫಲ ಫೆಬ್ರವರಿಯಲ್ಲಿ ಕಾಣುತ್ತದೆ. ಎಲ್ಲ ಮರಿಗೂ ಹುಟ್ಟುಹಬ್ಬ ಜನವರಿ 1 ಎಂದೇ ಲೆಕ್ಕ, ಬಸಿರು ಹನ್ನೊಂದು ತಿಂಗಳು. ಹಾಗಾಗಿ ಫೆಬ್ರವರಿ ಮಧ್ಯದಲ್ಲಿ ಶುರುವಾಗುವ ಕೂಡಿಸುವ ಕಾಲಕ್ಕೆ ಗಂಡು ತಯಾರಿರಬೇಕು.

ಗೆದ್ದ ಕುದುರೆಗೂ ಇದು ಖಾತ್ರಿಯಿಲ್ಲ. ಸತತ 16 ರೇಸು ಗೆದ್ದ ಅಮೆರಿಕದ ಸಿಗಾರ್ 1997ರಲ್ಲಿ 34 ಹೆಣ್ಣು ಕುದುರೆಗಳ ಜೊತೆ ಕೂಡಿದರೂ ಅವುಗಳಲ್ಲಿ ಒಂದೂ ಬಸಿರಾಗಲಿಲ್ಲ. ಅದು ಮುಂದೆ ಕೆಂಟಕಿ ಹಾರ್ಸ್ ಪಾರ್ಕಿನಲ್ಲಿ ಜನ ನೋಡಿ ಸಂತೋಷಪಡುವ ಕುದುರೆಯಾಗಿ 2014ರವರೆಗೆ ಬಾಳಿತು. ಅಮೆರಿಕದ ಹೆಸರಾಂತ ರೇಸಾದ ಕೆಂಟಕಿ ಡರ್ಬಿಯನ್ನು 1986ರಲ್ಲಿ ಗೆದ್ದ ಫರ್ಡಿನಾಂಡ್‌ಗೆ ಆ ಭಾಗ್ಯ ಇರಲಿಲ್ಲ. ಜಪಾನಿಗೆ ಮಾರಿದರು, ಅಲ್ಲಿ ಬೇಡಿಕೆ ಕುಗ್ಗಿತು, 2002ರಲ್ಲಿ ಕಸಾಯಿಖಾನೆ ಸೇರಿತು. ಆ ಸುದ್ದಿಯ ನೋವಿನಿಂದಲೇ ಮಾರಾಟದ ಕರಾರಿನಲ್ಲಿ ‘ಕೆಲಸ ಮುಗಿದ ಮೇಲೆ ನಮಗೇ ಹಿಂದಿರುಗಿಸಬೇಕು’ ಎಂಬ ಷರತ್ತು ಬರೆಸುವುದು ಹೆಚ್ಚಿತು. ಅದೇ ಡರ್ಬಿ ಗೆದ್ದಿದ್ದ ಸಿಲ್ವರ್ ಚಾರ್ಮ್ 2014ರಲ್ಲಿ ಜಪಾನಿನಿಂದ ಕೆಂಟಕಿಯ ಓಲ್ಡ್ ಫ್ರೆಂಡ್ಸ್ ಆಶ್ರಯಕ್ಕೆ ಮರಳಿತು, ಮರುವರ್ಷ ಇನ್ನೊಂದು ಡರ್ಬಿ ವಿಜೇತ ವಾರ್ ಎಂಬ್ಲೆಮ್ ಬಂತು. ಹೊರದೇಶದಿಂದ ಬರುವ ಗಂಡು ಕುದುರೆಯಲ್ಲಿ ಜನನಾಂಗದ ಸೋಂಕಿಲ್ಲ ಎಂದು ತಿಳಿಯಲು ಅಮೆರಿಕದಲ್ಲಿ ಪರೀಕ್ಷೆಯ ಹೆಣ್ಣು ಕುದುರೆಗಳ ಜೊತೆ ಕೂಡಿಸಿ ನೋಡುತ್ತಾರೆ. ವಾರ್ ಎಂಬ್ಲೆಮ್ ಅವುಗಳತ್ತ ತಿರುಗಿಯೂ ನೋಡಲಿಲ್ಲ. ಕೊನೆಗೆ ಅದರ ಬೀಜ ತೆಗೆಸಿಯೇ ಒಳಗೆ ಬಿಟ್ಟುಕೊಂಡರು. ಆಮೇಲೆ 2020ರವರೆಗೆ ಅದು ಹಾಯಾಗಿ ಬದುಕಿತು.

ನಿನ್ನ ಕುದುರೆಗೂ ಹಾಗೇ ಮಾಡಿಸು. ಡಿಸೆಂಬರ್ ಜನವರಿಯ ಚಳಿಯಲ್ಲಿ, ನೊಣ ಕಡಿಮೆ ಇರುವಾಗ. ಧನುರ್ವಾಯು ಲಸಿಕೆ ಮುಂಚೆಯೇ ಬಿದ್ದಿರಲಿ, ಆ ರೋಗಕ್ಕೆ ಕುದುರೆಯಷ್ಟು ಬೇಗ ಸೋಲುವ ಪ್ರಾಣಿ ಕಡಿಮೆ. ಗಾಯಕ್ಕೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ, ಕೀವು ರಸ ಇಳಿದುಹೋಗಲಿ ಎಂದು. ರಕ್ತದ ಹನಿ ಎಣಿಸುವಷ್ಟು ನಿಧಾನವಾಗಿದ್ದರೆ ಹೆದರಬೇಡ. ಎಣಿಸಲಾಗದಂತೆ ಧಾರೆಯಾಗಿ ಕಾಲು ಗಂಟೆ ಹರಿದರೆ ವೈದ್ಯರನ್ನು ಕರೆಸು. ಕರುಳಿನ ತುದಿಯಂಥದ್ದು ಏನಾದರೂ ಇಳಿದು ಕಂಡರೆ ಒದ್ದೆ ಶುಚಿ ಬಟ್ಟೆಯಲ್ಲಿ ಎತ್ತಿ ಹಿಡಿದು ಆ ಕ್ಷಣವೇ ಫೋನು ಮಾಡು. ಮಾರನೇ ದಿನದಿಂದ ದಿನಕ್ಕೆರಡು ಸಲ ಇಪ್ಪತ್ತು ನಿಮಿಷ ನಡೆಸು, ಸುಮ್ಮನೆ ನಿಲ್ಲಿಸಿದರೆ ಊತ ಇಳಿಯುವುದಿಲ್ಲ. ಎರಡು ತಿಂಗಳು ಹೆಣ್ಣು ಕುದುರೆಯ ಹತ್ತಿರ ಬಿಡಬೇಡ, ಉಳಿದ ವೀರ್ಯಾಣು ಇನ್ನೂ ಇರುತ್ತದೆ. ಗಂಡು ಚಾಳಿ ಬಿಡಲು ಕೆಲವಕ್ಕೆ ಆರು ತಿಂಗಳೂ ಹಿಡಿಯುತ್ತದೆ.

ಸಾಗಿಸುವ ದಿನ ತಂಪು ಹೊತ್ತಿನಲ್ಲೇ ಹೊರಡಿಸು. ತಲೆಯನ್ನು ಮೇಲಕ್ಕೆ ಬಿಗಿದು ಕಟ್ಟಬಾರದು. ತಲೆ ತಗ್ಗಿಸಿ ಕೆಮ್ಮಲಾಗದೆ ಧೂಳು ಶ್ವಾಸಕೋಶಕ್ಕಿಳಿದು ಜ್ವರ ಬರುತ್ತದೆ. ದಾರಿ ನಾಲ್ಕು ಗಂಟೆ ಮೀರಿದರೆ ನಿಲ್ಲಿಸಿ, ನೀರು ಕುಡಿಸಿ, ಕಾಲು ಗಂಟೆ ತಲೆ ತಗ್ಗಿಸಲು ಬಿಡಬೇಕು. ಬಂದ ಮೇಲೆ ಮೂರು ದಿನ ಬೆಳಿಗ್ಗೆ ಸಂಜೆ ಜ್ವರ ನೋಡು, 38.5 ಡಿಗ್ರಿ ದಾಟಿದರೆ ಕಾಯಬೇಡ.

ಮಾಲೀಕರ ಹತ್ತಿರ ಒಂದು ಕಾಗದ ಬರೆಸಿಕೊ: ಕುದುರೆ ಮತ್ತೆ ರೇಸಿಗಿಲ್ಲ, ನಿನ್ನಿಂದ ಸಾಕಲಾಗದಿದ್ದರೆ ಮೊದಲು ಅವರಿಗೇ ತಿಳಿಸಬೇಕು, ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಕೊಡುವಂತಿಲ್ಲ. ಇಬ್ಬರ ಸಹಿಯೂ ಇರಲಿ. ರಕ್ತಪರೀಕ್ಷೆಯ ವರದಿ, ಮಂಡಿಯ ಎಕ್ಸ್‌ರೇ ಎರಡರ ಫೋಟೊ ಕಳಿಸು, ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಲಾರಿಗೆ ಮುಂಗಡ ಕೊಡಬೇಡ.

ನಿನ್ನ ಗೆಳೆಯ