ಹಳೇ ಇಟಾಲಿಯನ್ ಸ್ಪೈಡರ್ (ಮೇಲ್ಛಾವಣಿ ತೆರೆಯುವ ಸ್ಪೋರ್ಟ್ಸ್ ಕಾರು) ಮಾರುವವರ ಗಮನಕ್ಕೆ

ಗೆಳೆಯರೇ, ಹರಾಜಿನ ಸುದ್ದಿ ನೋಡಿ ‘ನನ್ನ ಗಾಡಿಗೂ ಅಷ್ಟು ಸಿಗುತ್ತೆ’ ಅನ್ನುವ ಸಂದೇಶಗಳು ನಮ್ಮ ಗುಂಪಿನಲ್ಲಿ ಜಾಸ್ತಿಯಾಗಿವೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ಒಂದು ಫೆರಾರಿ ಎನ್‌ಎಆರ್‌ಟಿ (ನಾರ್ತ್ ಅಮೆರಿಕನ್ ರೇಸಿಂಗ್ ಟೀಮ್) ಸ್ಪೈಡರ್ 2.75 ಕೋಟಿ ಡಾಲರ್‌ಗೆ ಹೋಯಿತು, ನಿಜ. ಆದರೆ ಅದು ತಯಾರಾಗಿದ್ದೇ 10. ಲ್ಯಾನ್ಸಿಯಾ ಔರೇಲಿಯಾ ಬಿ24 ಸ್ಪೈಡರ್ ಕೂಡ ಬರೀ 240.

ಆಲ್ಫಾ ರೋಮಿಯೋ ಸ್ಪೈಡರ್ ಹಾಗಲ್ಲ. 1966ರಿಂದ 1994ರೊಳಗೆ ಒಂದು ಲಕ್ಷಕ್ಕೂ ಹೆಚ್ಚು ಬಂದಿವೆ. ಅದರಲ್ಲಿ ದುಂಡು ಬಾಲದ ಮೊದಲ ಸರಣಿಯ (1966–69) ಬೇಡಿಕೆಯೇ ಬೇರೆ. ಎಂಬತ್ತರ ದಶಕದ ರಬ್ಬರ್ ಬಂಪರ್ ಗಾಡಿಗೂ ಅದೇ ಬೆಲೆ ಕೇಳಿದರೆ ಹೇಗೆ, ಅಲ್ವಾ?

ಇನ್ನು ಮುಂದೆ ತಯಾರಾದ ವರ್ಷ, ಸರಣಿ ಮತ್ತು ಗಾಡಿಯ ತಳಭಾಗದ ಫೋಟೋ ಹಾಕಿಯೇ ಬೆಲೆ ಹೇಳಿ. ಇವು ತುಕ್ಕು ಹಿಡಿಯುವುದು ಅಲ್ಲೇ. ಸುಮ್ನೆ ಹೊಳೆಯುವ ಕೆಂಪು ಬಾನೆಟ್ ತೋರಿಸಿದ ಸಂದೇಶಗಳನ್ನು ಅಡ್ಮಿನ್‌ಗಳು ತೆಗೆಯುತ್ತಾರೆ.