ಅಲ್ಯೂಮಿನಿಯಂ ಥ್ರೆಡ್‌ಗೆ ಉಕ್ಕಿನ ಟಾರ್ಕ್ ಪಟ್ಟಿ ಸಲ್ಲದು

ಮಾನ್ಯ ಸಂಪಾದಕರೇ,

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಟೂಲ್ ರೂಮ್‌ಗಳಲ್ಲಿ (ಉಪಕರಣ, ಅಚ್ಚು ತಯಾರಿಸುವ ಕಾರ್ಯಾಗಾರಗಳಲ್ಲಿ) ಕೆಲಸದ ತುಂಡನ್ನು ಹಿಡಿದಿಡುವ ಫಿಕ್ಸ್ಚರ್‌ಗಳಿಗೂ ಮಾದರಿ ಮೋಲ್ಡ್‌ಗಳಿಗೂ (ಅಚ್ಚುಗಳಿಗೂ) ಉಕ್ಕಿನ ಬದಲು ಅಲ್ಯೂಮಿನಿಯಂ ಬಳಸುವುದು ಈಗ ಸಾಮಾನ್ಯವಾಗಿದೆ. ಆದರೆ ಅದರಲ್ಲಿ ಟ್ಯಾಪ್ ಮಾಡಿದ (ಒಳಗೆ ಥ್ರೆಡ್ ಕೊರೆದ) ರಂಧ್ರಕ್ಕೆ ಬೋಲ್ಟನ್ನು ಎಷ್ಟು ಬಿಗಿಯಬೇಕೆಂಬ ಪ್ರಶ್ನೆ ಬಂದಾಗ, ಗೋಡೆಗೆ ಅಂಟಿಸಿದ ಹಳೆಯ ಟಾರ್ಕ್ (ತಿರುಗಿಸುವ ಬಲ) ಪಟ್ಟಿಯನ್ನೇ ನೋಡುವುದು, ಇಲ್ಲವೇ ಬೋಲ್ಟ್ ತಿರುಗಿಸುವ ಆರು ಮೂಲೆಯ ಅಲೆನ್ ಕೀಗೆ ಪೈಪ್ ತೊಡಿಸಿ ಕೈ ಅಂದಾಜಿನಲ್ಲಿ ಎಳೆಯುವುದು ಇಂದಿಗೂ ತಪ್ಪಿಲ್ಲ. ಆ ಪಟ್ಟಿ ಬೋಲ್ಟಿನ ಶಕ್ತಿಯನ್ನು ಆಧರಿಸಿದ್ದು. ಬೋಲ್ಟಿಗೆ ಸರಿಜೋಡಿಯಾದ ಉಕ್ಕಿನ ನಟ್ಟೇ ಎದುರಿಗಿದೆ ಎಂಬ ಲೆಕ್ಕದಲ್ಲಿ ತಯಾರಾದದ್ದು.

ಬಹಳ ಗಟ್ಟಿಯಾದ 12.9 ದರ್ಜೆಯ ಎಂ8 (8 ಮಿ.ಮೀ. ವ್ಯಾಸದ) ಅಲೆನ್ ಬೋಲ್ಟನ್ನೇ ತೆಗೆದುಕೊಳ್ಳೋಣ. ಪಟ್ಟಿಯ ಪ್ರಕಾರ ಅದಕ್ಕೆ ಸುಮಾರು 40 ನ್ಯೂಟನ್ ಮೀಟರ್ ಟಾರ್ಕ್ ಕೊಡಬಹುದು. ಒಣ ಥ್ರೆಡ್‌ನಲ್ಲಿ ಇದರಿಂದ ಹುಟ್ಟುವ ಎಳೆತ ಸುಮಾರು 25 ಕಿಲೋನ್ಯೂಟನ್. ಎಣ್ಣೆ ಹಚ್ಚಿದರೆ ಘರ್ಷಣೆ ತಗ್ಗಿ, ಅದೇ ಟಾರ್ಕಿಗೆ ಎಳೆತ ಮೂರನೇ ಒಂದು ಪಾಲಿನಷ್ಟು ಏರಿ 33ರ ಹತ್ತಿರ ಹೋಗಬಹುದು. 6061-ಟಿ6 ಎಂಬ ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಬೋಲ್ಟ್ 8 ಮಿ.ಮೀ. ಆಳ ಮಾತ್ರ ಹಿಡಿದಿದ್ದರೆ, ಆ ಥ್ರೆಡ್ ತಡೆಯಬಲ್ಲದ್ದೇ ಸುಮಾರು 30 ಕಿಲೋನ್ಯೂಟನ್. ಅಂದರೆ ಎಣ್ಣೆ ಹಚ್ಚಿ ಬಿಗಿದರೆ ಬೋಲ್ಟಿಗೆ ಏನೂ ಆಗುವುದಿಲ್ಲ, ರಂಧ್ರದ ಥ್ರೆಡ್ ಕಿತ್ತು ಬರುತ್ತದೆ. ಅಲ್ಯೂಮಿನಿಯಂನಲ್ಲಿ ವ್ಯಾಸದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಆಳ ಥ್ರೆಡ್ ಹಿಡಿದಿರಬೇಕು ಎನ್ನುವುದು ಇದಕ್ಕಾಗಿಯೇ. ಟ್ಯಾಪ್ ಸಲೀಸಾಗಿ ಇಳಿಯಲಿ ಎಂದು 6.8ರ ಬದಲು 7 ಮಿ.ಮೀ. ಡ್ರಿಲ್ ಹಾಕುವವರೂ ಇದ್ದಾರೆ. ಅಲ್ಲಿಗೆ ಥ್ರೆಡ್‌ನ ಎತ್ತರ ಪೂರ್ಣ ಅಳತೆಯ ಶೇ 74ರಿಂದ 62ಕ್ಕೆ ಇಳಿಯಿತು.

ಬೋಲ್ಟಿನ ತಲೆಯ ಕೆಳಗೆ ಆಗುವುದನ್ನು ಗಮನಿಸುವವರು ಇನ್ನೂ ಕಡಿಮೆ. ಈ ಬೋಲ್ಟಿನ ತಲೆಯ ವ್ಯಾಸ 13 ಮಿ.ಮೀ., ಅದು ಕೂರುವ ರಂಧ್ರ 9 ಮಿ.ಮೀ. ಆದ್ದರಿಂದ ಒತ್ತುವ ಜಾಗ 70 ಚದರ ಮಿ.ಮೀ. ಕೂಡ ಇಲ್ಲ. 25 ಕಿಲೋನ್ಯೂಟನ್ ಅಲ್ಲಿ ಬಿದ್ದರೆ ಒತ್ತಡ 360 ಮೆಗಾಪಾಸ್ಕಲ್ ತಲುಪುತ್ತದೆ, 6061-ಟಿ6 ಸುಮಾರು 275ಕ್ಕೇ ಮಣಿಯುತ್ತದೆ. ತಲೆ ನಿಧಾನವಾಗಿ ಅಲ್ಯೂಮಿನಿಯಂಗೆ ಇಳಿದು ಬಿಗಿ ಸಡಿಲುತ್ತದೆ. ‘ನಿನ್ನೆ ಬಿಗಿದ ಬೋಲ್ಟ್ ಇವತ್ತು ಲೂಸ್ ಆಗಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಹಾರ್ಡನ್ ಮಾಡಿದ ದಪ್ಪ ವಾಷರ್‌ನ ಕೊರತೆಯೇ ಹೊರತು ಕೆಲಸಗಾರನ ಉದಾಸೀನವಲ್ಲ. ಬಿಸಿಯಾಗುವ ಮೋಲ್ಡ್‌ಗಳಲ್ಲಿ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ತಣ್ಣಗಿರುವಾಗ ಕೊಟ್ಟ ಬಿಗಿಯ ಮೇಲೆ ಇನ್ನಷ್ಟು ಎಳೆತ ಸೇರಿಕೊಳ್ಳುತ್ತದೆ.

ಸರಿಯಾದ ಟಾರ್ಕನ್ನು ಕಂಡುಕೊಳ್ಳುವುದು ಕಷ್ಟವೇನಲ್ಲ. ಅದೇ ಅಲ್ಯೂಮಿನಿಯಂನ ಉಳಿಕೆ ತುಂಡಿನಲ್ಲಿ, ಅದೇ ಡ್ರಿಲ್ಲು, ಅದೇ ಟ್ಯಾಪು, ಅದೇ ಆಳದಲ್ಲಿ ಕೆಲವು ರಂಧ್ರ ಮಾಡಿ, ಕೆಲಸದಲ್ಲಿ ಬಳಸುವ ವಾಷರ್ ಮತ್ತು ಎಣ್ಣೆಯನ್ನೇ ಬಳಸಿ, ಟಾರ್ಕ್ ವ್ರೆಂಚಿನಿಂದ ನಿಧಾನವಾಗಿ ತಿರುಗಿಸುತ್ತ ಹೋಗಬೇಕು. ತಿರುಗಿಸಿದರೂ ಟಾರ್ಕ್ ಏರದ ಹಂತವೇ ಥ್ರೆಡ್ ಸೋಲುವ ಹಂತ. ಹಾಗೆ ಸಿಕ್ಕ ಅಂಕಿಗಳಲ್ಲಿ ಅತಿ ಕಡಿಮೆಯದನ್ನು ಹಿಡಿದು ಅದರ ಶೇ 60ರಷ್ಟಕ್ಕೆ ನಿಲ್ಲುವುದು ಕ್ಷೇಮ ಎಂಬುದು ನನ್ನ ಅಭಿಪ್ರಾಯ. ದಿನವೂ ಬಿಚ್ಚಿ ಹಾಕುವ ರಂಧ್ರಗಳಿಗೆ ಮೊದಲೇ ಹೆಲಿಕಾಯಿಲ್ (ಥ್ರೆಡ್ ಆಗಿ ಕೆಲಸ ಮಾಡುವ ಉಕ್ಕಿನ ತಂತಿಯ ಸುರುಳಿ) ಕೂರಿಸಬೇಕು. ಥ್ರೆಡ್ ಹೋದ ಮೇಲೆ ಕೂರಿಸುವ ರೂಢಿ ದುಬಾರಿ.

ಡ್ರಾಯಿಂಗ್‌ನಲ್ಲಿ ಮೈಕ್ರಾನ್ ಲೆಕ್ಕದ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ವ್ಯತ್ಯಾಸ) ಬರೆಯುವ ವಿನ್ಯಾಸಕರು ಬೋಲ್ಟಿನ ಪಕ್ಕದಲ್ಲಿ ಟಾರ್ಕನ್ನೂ, ಥ್ರೆಡ್ ಒಣಗಿರಬೇಕೋ ಎಣ್ಣೆ ಹಚ್ಚಿರಬೇಕೋ ಎಂಬುದನ್ನೂ ಬರೆಯುವಂತಾಗಲಿ. ರಾಜ್ಯದ ಐಟಿಐಗಳೂ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವೂ ಮೇಲೆ ಹೇಳಿದ ಪರೀಕ್ಷೆಯನ್ನು ವಿದ್ಯಾರ್ಥಿಗಳ ಕೈಯಿಂದಲೇ ಒಮ್ಮೆ ಮಾಡಿಸಬೇಕೆಂದು ಈ ಮೂಲಕ ಕೋರುತ್ತೇನೆ.

— ಟೂಲ್ ರೂಮ್ ಉದ್ಯೋಗಿ, ಬೆಂಗಳೂರು